ಬಾಳಂತಿಯ ಮನಸ್ಸಿಗೆ ಯಾರು ಜೊತೆ? ತವರು, ಮೀಸುವವರು, ಆಶಾ, ಡೂಲಾ, ವೈದ್ಯರು: ನಮ್ಮ ಜಿಲ್ಲೆಯವರಿಗೊಂದು ಹೋಲಿಕೆ

ನನ್ನ ಎರಡನೇ ಬಾಳಂತನ ಆದದ್ದು ಶಿರಸಿ ಹತ್ತಿರದ ತವರಿನಲ್ಲಿ. ಜುಲೈ ತಿಂಗಳು, ಹಿಡಿದ ಮಳೆ ಬಿಟ್ಟಿರಲಿಲ್ಲ. ಬಚ್ಚಲ ಹಂಡೆಗೆ ಬೆಳಗಿನ ಜಾವದಿಂದಲೇ ಬೆಂಕಿ. ಮಗು ನೋಡಲು ಬಂದವರಿಗೆ ಲೆಕ್ಕವಿಲ್ಲ. ಮೂಗು ಅಪ್ಪನದು, ಹಣೆ ಅಜ್ಜನದು ಎಂದು ಮಾತಾಡಿ, ಆಸ್ರಿಗೆ ಕುಡಿದು ಹೊರಡುತ್ತಿದ್ದರು. ಎಂಟನೆಯ ದಿನ ಬಚ್ಚಲಲ್ಲಿ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಬಾಗಿಲಾಚೆಯಿಂದ ಆಯಿ, ಅಂದರೆ ನನ್ನಮ್ಮ, ಕೇಳಿದಳು: "ಎಂತಕ್ಕೆ ಅಳ್ತೆ ಕೂಸೆ? ಅತ್ರೆ ಹಾಲು ಬತ್ತೋಗ್ತು." ಪ್ರೀತಿಯಿಂದ ಹೇಳಿದ್ದೇ. ಆದರೆ ಆ ಮಾತಿನಲ್ಲಿ ಹಾಲಿತ್ತು, ಮಗು ಇತ್ತು, ನಾನಿರಲಿಲ್ಲ. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಮೀಸುವಾಕೆ (ಸ್ನಾನ ಮಾಡಿಸುವವಳು) ಮಾತ್ರ ಕೈ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದಳು: "ತಂಗೀ, ಮಗು ಮಲಗಿದಾಗಾದ್ರೂ ನಿದ್ದೆ ಬರ್ತದಾ?"

ಬರುತ್ತಿರಲಿಲ್ಲ. ಆರು ದಿನಗಳಿಂದ ಬಂದಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಆ ಒಂದು ಪ್ರಶ್ನೆ ಬೇಕಾಗಿತ್ತು.

ಈಗ ತಂಗಿಗೆ ಏಳು ತಿಂಗಳು. ಅವಳಿರುವುದು ಕಾರವಾರದಲ್ಲಿ. ಅವಳ ಗಂಡ, ನಮ್ಮ ಭಾವ, ಹಡಗಿನ ಕೆಲಸದವನು, ವಾರಗಟ್ಟಲೆ ಮನೆಗೆ ಬರುವುದಿಲ್ಲ. ಹೋದ ತಿಂಗಳು ಫೋನಿನಲ್ಲಿ ಕೇಳಿದಳು: "ಅಕ್ಕಾ, ಡೂಲಾ ಗೊತ್ತು ಮಾಡವಾ, ಬ್ಯಾಡ್ದಾ?" ಡೂಲಾ ಎಂದರೆ ಹೆರಿಗೆಯಲ್ಲೋ ಬಾಳಂತನದಲ್ಲೋ ತಾಯಿಗೆ ಜೊತೆಯಾಗಿ ನಿಲ್ಲಲು ಹಣ ಕೊಟ್ಟು ಗೊತ್ತು ಮಾಡಿಕೊಳ್ಳುವ ಹೆಂಗಸು. ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ನಾನು ಓದಿದ್ದು, ವೈದ್ಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಕೇಳಿ ತಿಳಿದದ್ದು, ನನ್ನ ಮತ್ತು ಹತ್ತಿರದ ಇಬ್ಬರು ಹೆಂಗಸರ ಬಾಳಂತನದಲ್ಲಿ ಕಂಡದ್ದು ಎಲ್ಲವನ್ನೂ ಸೇರಿಸಿ ಅವಳಿಗಾಗಿ ಬರೆದುಕೊಂಡದ್ದು ಇದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡಿರುವವರಿಗೂ ಬೇಕಾಗಬಹುದು.

ಮೊದಲು, ಯಾವುದಕ್ಕೆ ಸಹಾಯ ಬೇಕು?

ಆಯ್ಕೆ ಮಾಡುವ ಮೊದಲು ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು. ಇವನ್ನು ಒಂದೇ ಎಂದುಕೊಂಡಲ್ಲೇ ನಮ್ಮ ಮನೆಗಳು ಎಡವುವುದು.

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಬರುವ ಅಳು, ಸಿಡುಕು, ಗಾಬರಿ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುವಂಥದ್ದು. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇದಕ್ಕೆ ಬೇಕಾದದ್ದು ನಿದ್ದೆ, ಬಿಸಿ ಊಟ, ಪಕ್ಕದಲ್ಲೊಬ್ಬರು.

ಎರಡು ವಾರ ಕಳೆದರೂ ಇಳಿಯದೆ, ಯಾವುದರಲ್ಲೂ ಮನಸ್ಸು ನಿಲ್ಲದೆ, ಮಗುವನ್ನು ಎತ್ತಿಕೊಂಡರೂ ಏನೂ ಅನಿಸದೆ, "ನಾನು ಇದಕ್ಕೆ ತಕ್ಕ ತಾಯಿಯಲ್ಲ" ಎಂದು ಕೊರಗುತ್ತಿದ್ದರೆ ಅದು ಖಿನ್ನತೆ, ಅಂದರೆ ಕಾಯಿಲೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಹೆತ್ತ ತಾಯಂದಿರಲ್ಲಿ ನೂರಕ್ಕೆ 22 ಮಂದಿಗೆ ಇದು ಬರುತ್ತದೆ. ನಮ್ಮ ಪಕ್ಕದ ಗೋವಾದಲ್ಲೇ 252 ತಾಯಂದಿರನ್ನು ಹೆರಿಗೆಯ ನಂತರ ಆರರಿಂದ ಎಂಟು ವಾರಕ್ಕೆ ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲೂ ಶೇ. 23ರಷ್ಟು ತಾಯಂದಿರು ಖಿನ್ನತೆಯಲ್ಲಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ಮಾತು: ಹಾಗೆ ಬಳಲಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಮನಸ್ಸು ಬಸುರಿಯಲ್ಲೇ ಕುಗ್ಗಿತ್ತು. ಬಡತನ, ಗಂಡನ ಹೊಡೆತಬಡಿತ ಇದ್ದಲ್ಲಿ ಅಪಾಯ ಹೆಚ್ಚು. ಹುಟ್ಟಿದ್ದು ಹೆಣ್ಣಾದರೆ ಆ ಹೊರೆ ಇನ್ನೂ ಭಾರ. ಹಾಗಾಗಿ ಬಾಳಂತನಕ್ಕೆ ಯಾರು ಎನ್ನುವ ಮೊದಲು, ಏಳನೇ ತಿಂಗಳಲ್ಲಿ ಬಸುರಿಯ ಜೊತೆ ಯಾರಿದ್ದಾರೆ ಎಂದು ನೋಡಬೇಕು.

ಮೂರನೆಯದು ಬುದ್ಧಿ ಕದಡುವ ಕಾಯಿಲೆ, ವೈದ್ಯರ ಮಾತಿನಲ್ಲಿ ಸೈಕೋಸಿಸ್. ಅಪರೂಪದ್ದು, ಸಾವಿರ ಹೆರಿಗೆಗೆ ಒಂದೆರಡು. ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಏಕಾಏಕಿ ಶುರುವಾಗುತ್ತದೆ. ನಿದ್ದೆಯೇ ಬೇಡವೆನ್ನುವುದು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಗೊಂದಲ. ನಮ್ಮಲ್ಲಿ ಇದನ್ನು ಗಾಳಿ ಸೋಂಕು ಎಂದು ನೂಲು ಕಟ್ಟಿಸಲು, ನೋಟ ಕೇಳಿಸಲು ಓಡುತ್ತಾರೆ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ತಾಯಿಯನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತಸ್ರಾವದಷ್ಟೇ ತುರ್ತಿನ ಸ್ಥಿತಿ ಇದು.

ಮೊದಲನೆಯದಕ್ಕೆ ಈ ಪಟ್ಟಿಯಲ್ಲಿರುವ ಯಾರು ಬೇಕಾದರೂ ಸಾಕು. ಎರಡನೆಯದಕ್ಕೆ ಜೊತೆಯೂ ಬೇಕು, ವೈದ್ಯರೂ ಬೇಕು. ಮೂರನೆಯದಕ್ಕೆ ವೈದ್ಯರೇ ಆಗಬೇಕು.

ಡೂಲಾ ಅಂದರೆ ಯಾರು

ಗ್ರೀಕ್ ಭಾಷೆಯಲ್ಲಿ ಸೇವೆ ಮಾಡುವ ಹೆಂಗಸು ಎಂಬ ಅರ್ಥದ ಪದ. ಹೊಸ ತಾಯಿಗೆ ಆಸರೆಯಾಗಿ ನಿಲ್ಲುವವಳು ಎಂಬ ಅರ್ಥದಲ್ಲಿ ಅದನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್. ಡೂಲಾ ಹೆರಿಗೆ ಮಾಡಿಸುವುದಿಲ್ಲ. ಸೂಲಗಿತ್ತಿ ಎಂದ ಕೂಡಲೇ ನಮಗೆ ಪಾವಗಡದ ಕಡೆಯ, ಪದ್ಮಶ್ರೀ ಬಂದ ನರಸಮ್ಮನವರು ನೆನಪಾಗುತ್ತಾರೆ. ಅವರ ಕೈ ಮಗುವನ್ನು ಹಿಡಿದ ಕೈ. ಡೂಲಾಳ ಕೈ ತಾಯಿಯನ್ನು ಹಿಡಿದದ್ದು. ಅವಳು ಬಿಪಿ ನೋಡುವುದಿಲ್ಲ, ಔಷಧಿ ಕೊಡುವುದಿಲ್ಲ, ಹೊಲಿಗೆ ಮುಟ್ಟುವುದಿಲ್ಲ. ಬಸುರಿಯಲ್ಲಿ ನಾಲ್ಕಾರು ಸಲ ಕೂತು ಮಾತಾಡುತ್ತಾಳೆ, ನೋವು ಬಂದಾಗ ಸೊಂಟ ಒತ್ತುತ್ತಾಳೆ, ಉಸಿರಿನ ಲಯ ಹೇಳಿಕೊಡುತ್ತಾಳೆ, ವೈದ್ಯರು ಹೇಳಿದ್ದನ್ನು ಬಿಡಿಸಿ ತಿಳಿಸುತ್ತಾಳೆ. ಬಾಳಂತನದ ಡೂಲಾ ಎಂದು ಬೇರೆ ಇರುತ್ತಾರೆ. ಅವರು ಮನೆಗೆ ಬಂದು ಹಾಲೂಡಿಸಲು ನೆರವಾಗುತ್ತಾರೆ, ತಾಯಿ ಮಲಗುವಾಗ ಮಗು ನೋಡಿಕೊಳ್ಳುತ್ತಾರೆ, ಅವಳ ಮಾತು ಕೇಳುತ್ತಾರೆ.

ಇದಕ್ಕೆ ಆಧಾರವಿದೆಯೇ? ಹೆರಿಗೆಯ ಹೊತ್ತಿನ ಜೊತೆಗಾರಿಕೆಗೆ ಚೆನ್ನಾಗಿಯೇ ಇದೆ. 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಮೇಲಿನ 26 ಪ್ರಯೋಗಗಳನ್ನು ಒಟ್ಟಾಗಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಾಮರ್ಶೆ 2017ರಲ್ಲಿ ಬಂತು. ನೋವಿನುದ್ದಕ್ಕೂ ಬಿಟ್ಟುಹೋಗದೆ ಒಬ್ಬರು ಪಕ್ಕದಲ್ಲಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ತುಸು ಕಿರಿದು, ಹೆರಿಗೆಯನ್ನು ಕಹಿಯಾಗಿ ನೆನೆಯುವವರು ಕಡಿಮೆ. ಸಿಸೇರಿಯನ್ ತಗ್ಗಿಸುವಲ್ಲಿ ಡೂಲಾಗಳ ಪಾತ್ರವೇ ಹೆಚ್ಚು ಎದ್ದು ಕಂಡಿತು. ಆದರೆ ಹೆರಿಗೆ ನಂತರದ ಖಿನ್ನತೆಯನ್ನು ತಡೆಯುತ್ತದೆಯೇ ಎಂಬುದಕ್ಕೆ ಅದರಲ್ಲಿ ಸಿಕ್ಕ ಪುರಾವೆ ತೀರಾ ಕಡಿಮೆ. "ಡೂಲಾ ಇಟ್ಟುಕೊಂಡರೆ ಖಿನ್ನತೆ ಬರುವುದೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆರಿಗೆ ಒಂದು ಆಘಾತವಾಗಿ ಮನಸ್ಸಿನಲ್ಲಿ ಕೂರದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವೇನಲ್ಲ, ಆದರೆ ಕಾಯಿಲೆಗೆ ಅದು ಚಿಕಿತ್ಸೆಯಲ್ಲ.

ತವರು: ಎಲ್ಲಕ್ಕಿಂತ ದೊಡ್ಡ ಬಲ, ಒಂದು ಕುರುಡು ಜಾಗ

ತವರಿನ ಬಾಳಂತನದಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ದುಡ್ಡು ಕೊಟ್ಟು ಪಡೆಯಲಾಗದು. ಹೊತ್ತಿಗೆ ಸರಿಯಾಗಿ ಮೆಣಸಿನ ಸಾರು, ತುಪ್ಪದ ಅನ್ನ, ಅಂಟಿನ ಉಂಡೆ, ಲೇಹ. ಮಗುವಿನ ಬಟ್ಟೆ ಒಗೆಯುವ ಚಿಂತೆ ಇಲ್ಲ. ಗಂಡನ ಮನೆಯ ಮರ್ಯಾದೆಯ ಭಾರವಿಲ್ಲ. ಅಮೆಯ (ಹೆರಿಗೆಯ ಸೂತಕದ) ದಿನಗಳಲ್ಲಿ ಅಡುಗೆಮನೆಗೆ ಹೋಗಬಾರದೆಂಬ ಕಟ್ಟಳೆಯನ್ನು ಈಗಿನವರು ಬೇರೆ ರೀತಿ ನೋಡಬಹುದು. ನನಗಂತೂ ಆ ನೆವದಲ್ಲಿ ಹನ್ನೊಂದು ದಿನ ಯಾರೂ ಕೆಲಸ ಹೇಳಲಿಲ್ಲ.

ಕುರುಡು ಜಾಗ ಇರುವುದು ಕೇಳುವುದರಲ್ಲಿ. ಅಮ್ಮಂದಿರು ಉಣಿಸಿ ಪ್ರೀತಿ ತೋರಿಸುತ್ತಾರೆ, ಕೇಳಿ ತೋರಿಸುವುದು ಕಡಿಮೆ. "ನಾವು ನಾಲ್ಕು ಹೆತ್ತಿಲ್ಲವಾ" ಎಂಬ ಮಾತು ಧೈರ್ಯಕ್ಕೆಂದು ಹೇಳಿದ್ದು, ಬಾಯಿ ಮುಚ್ಚಿಸುವಂತೆ ಕೇಳಿಸುತ್ತದೆ. ಹಾಲು ಸಾಲದೆಂದು ದಿನಕ್ಕೆ ಹತ್ತು ಸಲ ಹೇಳುವುದು, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಯಾರಿಸುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿಸುವುದು, ಬೆಂಕಿಯ ಹೊಗೆಯಲ್ಲಿ ಕೂರಿಸುವುದು: ಇವಿಷ್ಟನ್ನು ಮೊದಲೇ ಮಾತಾಡಿ ಬಿಡಿಸಬೇಕು. ಬಾಳಂತಿಗೆ ನೀರು ಧಾರಾಳವಾಗಿ ಬೇಕು, ಮೊದಲ ಹಾಲು ಮಗುವಿಗೆ ಸಲ್ಲಬೇಕು. ಬಾಳಂತನ ಶುರುವಾದ ಮೇಲೆ ಮಗಳು ಹೇಳಿದರೆ ಜಗಳ. ಏಳನೇ ತಿಂಗಳಲ್ಲಿ ನರ್ಸಮ್ಮನ ಬಾಯಿಂದ ಹೇಳಿಸಿದರೆ ಆಯಿ ಒಪ್ಪುತ್ತಾಳೆ. ಇದು ನಮ್ಮ ಮನೆಯಲ್ಲೇ ಆದದ್ದು.

ತವರಿಲ್ಲದವರ, ತವರೇ ನೋವಾಗಿರುವವರ ಮಾತು ಬೇರೆ. ಅಂಥವರಿಗೆ "ಅಮ್ಮನ ಹತ್ರ ಹೋಗು" ಎಂಬ ಸಲಹೆಯೇ ಗಾಯ. ಈ ಪಟ್ಟಿಯಲ್ಲಿ ಡೂಲಾ ಎಲ್ಲರಿಗಿಂತ ಹೆಚ್ಚು ಬೇಕಾಗುವುದು ಅವರಿಗೇ.

ಮೀಸುವವರು

ಎಣ್ಣೆ ಹಚ್ಚಿ ಬಾಳಂತಿಯನ್ನೂ ಮಗುವನ್ನೂ ಮೀಸಲು ದಿನಾ ಬರುವ ಹೆಂಗಸರನ್ನು ನಾವು ಕೂಲಿಯವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಯೋಚಿಸಿ ನೋಡಿ: ಬಾಗಿಲು ಹಾಕಿಕೊಂಡು ತಾಯಿಯ ಜೊತೆ ದಿನಕ್ಕೆ ಒಂದು ತಾಸು ಇರುವವಳು ಅವಳೊಬ್ಬಳೇ. ನಲವತ್ತು ದಿನ, ಎಂದರೆ ನಲವತ್ತು ತಾಸು. ಹೆಚ್ಚಿನ ಡೂಲಾಗಳಿಗೆ ಅಷ್ಟು ಹೊತ್ತು ಕೊಡಲಾಗದು. ಹತ್ತಾರು ಮನೆಯ ಬಾಳಂತಿಯರನ್ನು ಕಂಡವಳಾದ್ದರಿಂದ ಯಾವ ಅಳು ಎಂಥದ್ದೆಂದು ಅವಳ ಕೈಗೇ ಗೊತ್ತಾಗುತ್ತದೆ. ಗುಣ ನೋಡಿ ಆರಿಸಿ. ಕೈ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಬಾಯಿ ಎಷ್ಟು ಬಿಗಿ ಎಂದು ನೋಡಿ. ಈ ಮನೆಯ ಮಾತು ಆ ಮನೆಗೆ ಒಯ್ಯುವವಳಾದರೆ ಬೇಡ. ಸಿಸೇರಿಯನ್ ಆದವರು ಹೊಟ್ಟೆ ತಿಕ್ಕಿಸಿಕೊಳ್ಳುವುದು, ಬಿಗಿದು ಕಟ್ಟಿಸಿಕೊಳ್ಳುವುದು ವೈದ್ಯರನ್ನು ಕೇಳದೆ ಬೇಡ. ಕಾರವಾರ, ಕುಮಟಾ ಪೇಟೆಗಳಲ್ಲಿ ಇಂಥವರು ಸಿಗುವುದು ಕಷ್ಟವಾಗುತ್ತಿದೆ. ಸಿಕ್ಕರೆ ಐದನೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ.

ಆಶಾ ಕಾರ್ಯಕರ್ತೆ

ಹಣ ಖರ್ಚಿಲ್ಲದ, ಮನೆಬಾಗಿಲಿಗೇ ಬರುವ ಆಯ್ಕೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ. ಅವಳ ಹಾಳೆಯಲ್ಲಿ ಹೆಚ್ಚಿನವು ಮಗುವಿನ ತೂಕ, ಜ್ವರ, ಹೊಕ್ಕುಳಿನ ಪ್ರಶ್ನೆಗಳೇ. ಮನಸ್ಸಿನ ಪ್ರಶ್ನೆಯನ್ನು ಅವಳ ಬಾಯಿಗೆ ನಾವೇ ಇಡಬೇಕು. ನಾನು ತಂಗಿಯ ಕೇರಿಯ ಆಶಾಳಿಗೆ ಎರಡು ಪ್ರಶ್ನೆ ಬರೆದುಕೊಟ್ಟಿದ್ದೇನೆ: ಹೋದ ತಿಂಗಳಲ್ಲಿ ಮನಸ್ಸು ಕುಗ್ಗಿ, ದಾರಿಯೇ ಇಲ್ಲ ಅನಿಸಿದ್ದುಂಟಾ? ಮೊದಲು ಇಷ್ಟವಾಗುತ್ತಿದ್ದ ಕೆಲಸದಲ್ಲಿ ಈಗ ಮನಸ್ಸು ಬರುವುದಿಲ್ಲವಾ? ಒಂದಕ್ಕಾದರೂ ಹೌದೆಂದರೆ ವೈದ್ಯರ ಹತ್ತಿರ ಹೋಗುವುದು. ಇನ್ನೂ ವಿವರವಾಗಿ ಬೇಕೆಂದರೆ ಎಡಿನ್‌ಬರೋ ಪ್ರಶ್ನಾವಳಿ ಇದೆ, 1987ರದು, ಹತ್ತೇ ಪ್ರಶ್ನೆ, ಕನ್ನಡದಲ್ಲೂ ಉಂಟು. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ 'ಇಲ್ಲವೇ ಇಲ್ಲ' ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೆಂದು ಕೂಡಿಸುತ್ತ ಕೂರಬಾರದು, ನೇರ ವೈದ್ಯರ ಹತ್ತಿರ ಹೋಗಬೇಕು.

ಆಶಾಳ ತೊಂದರೆ ಎಂದರೆ ಅವಳಿಗೆ ಪುರುಸೊತ್ತಿಲ್ಲ, ಮತ್ತು ಅವಳು ಅದೇ ಕೇರಿಯವಳು. ಅತ್ತೆಯೆದುರು ಕೇಳಿದರೆ ಸೊಸೆ "ಆರಾಮ ಇದ್ದೆ" ಎನ್ನುತ್ತಾಳೆ. ಮಗು ತೂಗುವ ನೆವದಲ್ಲಿ ಒಳಕೋಣೆಗೆ ಕರೆದು ಕೇಳಲು ಹೇಳಿ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಗೋವಾದಲ್ಲಿ ಊರಿನ ಸಾಮಾನ್ಯ ತಾಯಂದಿರಿಗೇ ತರಬೇತಿ ಕೊಟ್ಟು, ಖಿನ್ನತೆ ಇದ್ದ ಬಸುರಿಯರ ಮನೆಗೆ ಕಳಿಸಿ, ಹೆರಿಗೆಯಾಗಿ ಆರು ತಿಂಗಳವರೆಗೆ ಮಾತಾಡಿಸಿದ ಪ್ರಯೋಗವೊಂದು ನಡೆಯಿತು. 280 ಮಂದಿ ಅದರಲ್ಲಿದ್ದರು. 2019ರಲ್ಲಿ ಫಲಿತಾಂಶ ಬಂತು. ಗುಣವಾದವರ ಸಂಖ್ಯೆ ಹೆಚ್ಚಿತ್ತು, ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ. ಡೂಲಾ ಎಂಬ ಹೆಸರಿಲ್ಲದೆಯೂ, ಅದೇ ಭಾಷೆ ಆಡುವ ಪಕ್ಕದೂರಿನ ತಾಯಿಯೊಬ್ಬಳು ಈ ಕೆಲಸ ಮಾಡಬಲ್ಲಳು. ಕಾಳಿ ನದಿಯ ಆಚೆ ಆದದ್ದು ಈಚೆ ಏಕೆ ಆಗಬಾರದು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಡೂಲಾ: ದಾರಿ, ಭಾಷೆ, ಹೆರಿಗೆ ಕೋಣೆಯ ಬಾಗಿಲು

ಡೂಲಾ ಗೊತ್ತು ಮಾಡುವವರಿಗೆ ಮೊದಲ ಅಡ್ಡಿ ದಾರಿ. ಕಾರವಾರದವರು ಗೋವಾದಿಂದ, ಭಟ್ಕಳದವರು ಮಂಗಳೂರು ಕಡೆಯಿಂದ, ಶಿರಸಿಯವರು ಹುಬ್ಬಳ್ಳಿಯಿಂದ ಕರೆಸುವ ಯೋಚನೆ ಮಾಡುತ್ತಾರೆ. ಬೇಸಿಗೆಯಲ್ಲಿ ಸರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು, ಮೂರು ವಾರದಲ್ಲೇ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು ನಾವು ಮರೆಯುವಂಥದ್ದಲ್ಲ. ದೇವಿಮನೆ ಘಟ್ಟದಲ್ಲೂ ಮಳೆಗಾಲದಲ್ಲಿ ಇದೇ ಅಂಜಿಕೆ. ಹೆರಿಗೆ ನೋವು ರಸ್ತೆ ತೆರೆಯುವವರೆಗೆ ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ದಿನ ತುಂಬುವವರು ಹೊರಜಿಲ್ಲೆಯ ಡೂಲಾಳನ್ನು ಹೆರಿಗೆಗೆಂದು ನೆಚ್ಚಿಕೊಳ್ಳಬೇಡಿ; ಬಸುರಿಯ ಮಾತುಕತೆಗೆ, ಬಾಳಂತನದ ಫೋನಿಗೆ ಇಟ್ಟುಕೊಳ್ಳಿ.

ಎರಡನೆಯದು ಹೆರಿಗೆ ಕೋಣೆಯ ಬಾಗಿಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಒಬ್ಬ ಜೊತೆಗಾತಿಗೆ ಅವಕಾಶ ಕೊಡುವಂತೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸೂಚಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಮಾರ್ಗಸೂಚಿಯಲ್ಲಿ ತಾಯಿ ಬಯಸಿದ ಜೊತೆಗಾರರು ಇರಲಿ ಎಂದಿದೆ. ಆದರೆ ನಮ್ಮ ಸರ್ಕಾರದ ಸೂಚನೆಯ ಮನಸ್ಸಿನಲ್ಲಿರುವುದು ಹೆತ್ತ ಅನುಭವವಿರುವ ಹೆಣ್ಣು ನೆಂಟಳು, ಅದೂ ಒಬ್ಬಳೇ. ಆ ಒಂದು ಜಾಗ ಆಯಿಗೋ, ಡೂಲಾಳಿಗೋ? ಇದನ್ನು ನೋವು ಬಂದ ರಾತ್ರಿ ತೀರ್ಮಾನಿಸಲಾಗದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಆ ದಿನವೇ ಹೆರಿಗೆ ವಿಭಾಗದ ಸಿಸ್ಟರನ್ನು ಕೇಳಿ. ಖಾಸಗಿಯಲ್ಲಿ ಆಸ್ಪತ್ರೆಗೊಂದು ರೀತಿ. ನನ್ನ ಮೊದಲ ಹೆರಿಗೆಯ ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಆಯಿಯನ್ನು ತಡೆದರು. ಒಂಬತ್ತು ತಾಸು ನಾನು ಗೋಡೆಯ ಗಡಿಯಾರದ ಜೊತೆ ಇದ್ದೆ. ಮೊದಲೇ ಕೇಳಿದ್ದರೆ ಬೇರೆ ಆಸ್ಪತ್ರೆ ಹುಡುಕುತ್ತಿದ್ದೆ.

ಮೂರನೆಯದು ಭಾಷೆ. ನೋವಿನಲ್ಲಿ ಬಾಯಿಗೆ ಬರುವುದು ಹೆತ್ತ ಭಾಷೆ. ಕೊಂಕಣಿಯವಳಿಗೆ ಕೊಂಕಣಿ, ಭಟ್ಕಳದ ನವಾಯತಿಯವಳಿಗೆ ನವಾಯತಿ, ಹಾಲಕ್ಕಿಯವಳಿಗೆ ಅವಳ ಕನ್ನಡ. ಇಂಗ್ಲಿಷಿನಲ್ಲಿ ಎಷ್ಟೇ ಮೃದುವಾಗಿ ಹೇಳಿದರೂ ಆ ಗಳಿಗೆಯಲ್ಲಿ ಕಿವಿಯೊಳಗೆ ಇಳಿಯುವುದಿಲ್ಲ.

ಆನ್‌ಲೈನ್ ಡೂಲಾ ಇಂದು ಹಲವರ ಕೈಗೆಟುಕುವಂತಿದೆ. ಹೆರಿಗೆಯ ತಯಾರಿಗೆ, ಹಾಲೂಡಿಸುವ ಭಂಗಿಗೆ, ವಾರಕ್ಕೊಮ್ಮೆ ಮನಸ್ಸು ಹಗುರ ಮಾಡಿಕೊಳ್ಳಲು ಒಳ್ಳೆಯದೇ. ಆದರೆ ಸಿದ್ದಾಪುರದ ನನ್ನ ಅತ್ತಿಗೆಗೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಅಂಗಳದ ತುದಿಯಲ್ಲಿ ಮಾತ್ರ. ಜಗಲಿಯಲ್ಲಿ ಮಾವ, ತೋಟದ ಕೆಲಸದವರು. ಅಲ್ಲಿ ನಿಂತು ಮನಸ್ಸಿನ ಮಾತು ಆಡುವುದು ಹೇಗೆ? ಹಣ ಕೊಟ್ಟ ಮೇಲೆ ಅದು ಹೊಳೆಯಿತು. ಒಂದು ದಿನ ಪರೀಕ್ಷಿಸಿ ನೋಡಿ, ಆಮೇಲೆ ಒಪ್ಪಂದ ಮಾಡಿಕೊಳ್ಳಿ.

ಆರಿಸುವಾಗ ಕೇಳಬೇಕಾದದ್ದು ಇನ್ನೂ ಇದೆ. ಭಾರತದಲ್ಲಿ ಡೂಲಾಗಳಿಗೆ ಸರ್ಕಾರದ ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲ. ಹಾಗಾಗಿ ತೂಗಿ ನೋಡಬೇಕಾದವರು ನಾವೇ. ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದಳು, ಅವಳಿಗೇ ಹುಷಾರಿಲ್ಲದಿದ್ದರೆ ಬದಲಿ ಯಾರು, ದಿನಕ್ಕೆ ಮೊದಲೇ ಹೆರಿಗೆಯಾದರೆ ಹಣವೇನಾಗುತ್ತದೆ ಎಂದು ಕೇಳಿ, ಬರೆಸಿಕೊಳ್ಳಿ. ಅವಳ ಜೊತೆ ಕೆಲಸ ಮಾಡಿದ ಇಬ್ಬರು ತಾಯಂದಿರನ್ನು ಮಾತಾಡಿಸಿ. ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ: "ನನ್ನ ಮನಸ್ಸು ತೀರಾ ಕೆಟ್ಟಿತು ಎಂದು ನಿಮಗನಿಸಿದರೆ ಏನು ಮಾಡುತ್ತೀರಿ?" ಒಳ್ಳೆಯ ಡೂಲಾ "ನಿಮ್ಮ ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಕಳಿಸುತ್ತೇನೆ" ಎನ್ನುತ್ತಾಳೆ. ತಂಗಿ ಮಾತಾಡಿಸಿದ ಒಬ್ಬರು "ಔಷಧಿ ಎಲ್ಲ ಬೇಡ, ಉಸಿರಾಟದಲ್ಲೇ ಸರಿಯಾಗುತ್ತದೆ" ಎಂದರು. ಅಲ್ಲಿಗೇ ಬಿಟ್ಟೆವು. ಸಿಸೇರಿಯನ್ ಎಂದರೆ ಸೋಲು ಎನ್ನುವವರನ್ನೂ ಬಿಟ್ಟುಬಿಡಿ. ಅಂಥ ಮಾತು ತಲೆಯಲ್ಲಿ ಕೂತು, ಆಪರೇಷನ್ ಆದ ಮೇಲೆ ಆರು ತಿಂಗಳು ಕೊರಗಿದವಳನ್ನು ನಾನು ಬಲ್ಲೆ.

ಹಣ ಒಂದಕ್ಕೇ ಸಾಲುವಷ್ಟಿದ್ದರೆ? ನನ್ನ ಅಭಿಪ್ರಾಯ ಸ್ಪಷ್ಟ. ಹೆರಿಗೆ ಕೋಣೆಯಲ್ಲಿ ನೆಚ್ಚಿನ ಹೆಂಗಸೊಬ್ಬಳು ಹೇಗೂ ಇರುತ್ತಾಳೆಂದಾದರೆ, ಆ ದುಡ್ಡನ್ನು ಬಾಳಂತನದ ರಾತ್ರಿಗಳಿಗೆ ಇಡಿ. ಒಂದು ತಿಂಗಳು ರಾತ್ರಿ ಮಗು ನೋಡಿಕೊಳ್ಳುವವರು ಸಿಕ್ಕಿದರೆ, ತಾಯಿಗೆ ಒಂದೇ ಸಮನೆ ನಾಲ್ಕೈದು ತಾಸು ನಿದ್ದೆ ಬಂದರೆ, ಅದಕ್ಕಿಂತ ದೊಡ್ಡ ಉಪಕಾರ ಮನಸ್ಸಿಗೆ ಇನ್ನೊಂದಿಲ್ಲ. ಆ ಕೆಲಸಕ್ಕೆ ಡೂಲಾಳೇ ಆಗಬೇಕೆಂದೂ ಇಲ್ಲ.

ಮಗು ಉಳಿಯದವರಿಗೆ

ಇದನ್ನು ಬರೆಯುವಾಗ ಕೈ ತಡೆಯಿತು, ಆದರೆ ಬಿಡಲಾರೆ. ಹೊಟ್ಟೆಯಲ್ಲೇ ಮಗು ಹೋದವಳಿಗೆ, ಹುಟ್ಟಿ ಎರಡು ದಿನಕ್ಕೆ ಕಳೆದುಕೊಂಡವಳಿಗೆ ನಮ್ಮಲ್ಲಿ ಬಾಳಂತನವೇ ಇಲ್ಲ. ಹಂಡೆ ಉರಿಯುವುದಿಲ್ಲ, ಯಾರೂ ಬರುವುದಿಲ್ಲ, ಬಂದವರು ಮುಂದಿನದರ ಮಾತಾಡುತ್ತಾರೆ. ಅವಳ ಮೈ ಮಾತ್ರ ಹೆತ್ತ ಮೈ. ಎದೆಯಲ್ಲಿ ಹಾಲು ಕಟ್ಟಿಕೊಳ್ಳುತ್ತದೆ. ಅವಳಿಗೂ ಎಣ್ಣೆನೀರು ಬೇಕು, ಊಟ ಬೇಕು, ಮಗುವಿನ ಬಗ್ಗೆ ಮಾತಾಡಲು ಒಬ್ಬರು ಬೇಕು. ಶೋಕದ ಹೊತ್ತಿನಲ್ಲಿ ಜೊತೆಯಾಗಲೆಂದೇ ತರಬೇತಿ ಪಡೆದ ಡೂಲಾಗಳಿದ್ದಾರೆ. ಫೋನಿನಲ್ಲಾದರೂ ಸರಿ, ಇಂಥ ಸಂದರ್ಭದಲ್ಲಿ ಹೊರಗಿನವಳೇ ವಾಸಿ ಎಂದು ನನಗನಿಸುತ್ತದೆ. ಅವಳು ಆ ಮಗುವಿನ ಹೆಸರು ಕೇಳಲು ಅಂಜುವುದಿಲ್ಲ.

ವೈದ್ಯರು

"ಮನಸ್ಸಿನ ಡಾಕ್ಟರ್" ಎಂದರೆ ಮನೆಯವರು ಬೆಚ್ಚುತ್ತಾರೆ. ಹೆರಿಗೆ ವೈದ್ಯರಿಂದಲೇ ಶುರು ಮಾಡಿ. ರಕ್ತಹೀನತೆ, ಹೆರಿಗೆಯ ನಂತರ ಏರುಪೇರಾಗುವ ಥೈರಾಯ್ಡ್, ಇವೆರಡೂ ಖಿನ್ನತೆಯಂತೆಯೇ ಕಾಣಿಸಬಹುದು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮೊದಲು ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿ. ಶಿರಸಿ, ಯಲ್ಲಾಪುರ, ಹಳಿಯಾಳದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಚಿಕಿತ್ಸೆ ಎಂದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಬೇಡ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಖಿನ್ನತೆಗೆ ಔಷಧಿ ತೆಗೆದುಕೊಂಡರೆ ಹಾಲು ಬಿಡಿಸಬೇಕು ಎಂಬುದೂ ಹೆಚ್ಚಾಗಿ ತಪ್ಪು. ಸರ್ಟ್ರಲೀನ್‌ನಂಥವು ಎದೆಹಾಲಿಗೆ ಸೇರುವುದು ತೀರಾ ಕಡಿಮೆ; ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದದ್ದನ್ನು ವೈದ್ಯರು ನೋಡಿ ಕೊಡುತ್ತಾರೆ. ನಾನು ಏಳು ತಿಂಗಳು ನುಂಗಿದೆ, ಮಗು ಎರಡು ವರ್ಷ ಹಾಲು ಕುಡಿಯಿತು. ಮಧ್ಯರಾತ್ರಿ ಯಾರೂ ಇಲ್ಲವೆನಿಸಿದಾಗ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದಿನದ ಯಾವ ಹೊತ್ತಿಗೂ, ಕನ್ನಡದಲ್ಲೂ, ದುಡ್ಡಿಲ್ಲದೆ ಮಾತಾಡಿಸುತ್ತಾರೆ. ತಾಯಿಗೋ ಮಗುವಿಗೋ ಈಗಲೇ ಅಪಾಯ ಎನಿಸಿದರೆ 108, ಮತ್ತು ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದಿರುವುದು.

ಹಾಗಾದರೆ ಯಾರಿಗೆ ಯಾವುದು

ಹಳ್ಳಿಯ ತುಂಬಿದ ಮನೆ, ಅಮ್ಮ ಗಟ್ಟಿಮುಟ್ಟು, ಹಿಂದೆ ಮನಸ್ಸಿನ ತೊಂದರೆ ಇಲ್ಲ: ತವರು, ಮೀಸುವವರು, ಆಶಾ ಸಾಕು. ಡೂಲಾಳಿಗೆ ಕೊಡುವ ಹಣ ಉಳಿಸಿ. ಹಿಂದಿನ ಹೆರಿಗೆ ಕೆಟ್ಟ ಕನಸಿನಂತೆ ಕಾಡುತ್ತಿದೆ, ಈ ಸಲ ಹೆರಿಗೆ ಕೋಣೆ ನೆನೆದರೇ ಮೈ ನಡುಗುತ್ತದೆ ಎನ್ನುವವರಿಗೆ ಡೂಲಾ ನಿಜಕ್ಕೂ ಬೆಲೆಬಾಳುತ್ತಾಳೆ, ಬಸುರಿಯ ಆರನೇ ತಿಂಗಳಿಂದಲೇ. ಹಿಂದೆ ಖಿನ್ನತೆಯಾಗಿತ್ತು, ಅಥವಾ ತಾಯಿಗೋ ಅಕ್ಕನಿಗೋ ಬಾಳಂತನದಲ್ಲಿ ಬುದ್ಧಿ ಕದಡಿತ್ತು ಎಂದಾದರೆ ಮೊದಲು ಮನೋವೈದ್ಯರ ಭೇಟಿ, ಉಳಿದದ್ದೆಲ್ಲ ಆಮೇಲೆ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಬಸುರಿ ಎಂದು ತಾನಾಗಿ ನಿಲ್ಲಿಸಬಾರದು.

ತಂಗಿಯದು ಇವೆಲ್ಲದರ ನಡುವಿನ ಸ್ಥಿತಿ. ಕೊನೆಗೆ ಅವಳು ಹೀಗೆ ಮಾಡಿದಳು. ಹೆರಿಗೆ ಕೋಣೆಯ ಒಂದು ಜಾಗ ಆಯಿಗೆ. ಗೋವಾದ, ಕೊಂಕಣಿ ಕನ್ನಡ ಎರಡೂ ಬಲ್ಲ ಡೂಲಾ ಈಗಾಗಲೇ ಎರಡು ಸಲ ಮನೆಗೆ ಬಂದು ಹೋಗಿದ್ದಾಳೆ. ಸೊಂಟ ಒತ್ತುವುದನ್ನು ಆಯಿಗೇ ಕಲಿಸಿಕೊಟ್ಟಳು. ಹೆರಿಗೆಯಾದ ಮೇಲೆ ಆರು ವಾರ, ಗುರುವಾರ ಸಂಜೆ ಅವಳ ಫೋನ್. ಬೈತಕೋಲದ ಕಡೆಯಿಂದ ಮೀಸಲು ಬರುವವರು ಒಪ್ಪಿದ್ದಾರೆ. ಭಾವ ರಜೆಯನ್ನು ಹೆರಿಗೆಯ ದಿನಕ್ಕೆ ಹಾಕದೆ ಮೂರನೇ ವಾರಕ್ಕೆ ಹಾಕಿದ್ದಾನೆ, ನೋಡಲು ಬರುವವರು ನಿಂತು ಅವಳು ಒಬ್ಬಳಾಗುವ ಹೊತ್ತಿಗೆ. ಅಲಮಾರಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದಾಳೆ: ವೈದ್ಯರ ನಂಬರು, ಆಶಾಳ ನಂಬರು, 14416, ನನ್ನದು.

ಮೊನ್ನೆ ಆಯಿ ಫೋನ್ ಮಾಡಿದ್ದಳು. ಅಂಟು ಯಾವ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ, ಲೇಹಕ್ಕೆ ಬೆಲ್ಲ ಎಷ್ಟು ಹಾಕುವುದು ಎಂದೆಲ್ಲ ಮಾತಾಯಿತು. ಇಡುವ ಮೊದಲು ಕೇಳಿದಳು: "ಆ ಆಶಾಂಗೆ ಎಂತೋ ಎರಡು ಪ್ರಶ್ನೆ ಬರ್ದು ಕೊಟ್ಟಿದ್ದೆ ಅಲ್ದಾ? ಇನ್ನೊಂದ್ಸಲ ಹೇಳು, ಬರ್ಕತ್ತಿ."